ಶ್ರೀಮಾನ್ ಮೊಲದ ಕೋಡಪ್ಪನವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಮೊಲದ ಕೋಡಪ್ಪನವರು,
ಕಾರೆಕಂಟಿಯ ನೆರಳು, ಗುಡ್ಡದ ಓರೆ,
ಬಾಗಲಕೋಟೆ ಜಿಲ್ಲೆ.

ಮಾನ್ಯರೇ,

ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಿ ಎಂದು ಶುರು ಮಾಡುವುದು ರೂಢಿ. ಆದರೆ ಯಾರೂ ನಿಮ್ಮ ಕ್ಷೇಮ ಕೇಳದೆ ಇದ್ದಷ್ಟು ಕಾಲವೂ ನೀವು ಕ್ಷೇಮವಾಗಿಯೇ ಇದ್ದಿರಿ. ಆ ಹೊಣೆಯನ್ನು ನಾನು ನನ್ನ ಐದು ಗುಂಟೆಯಲ್ಲಿ ಹೊತ್ತುಕೊಂಡ ಮೇಲೆ ಏನೇನಾಯಿತು ಎಂಬುದು ನಿಮಗೆ ಗೊತ್ತು. ಊರಿಗೂ ಗೊತ್ತಾಗಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಲಕೋಟೆಗೆ ಹಾಕಿ ಕಳಿಸಿದರೆ ಅಂಚೆಯವನು ಕಾರೆಕಂಟಿಯ ಬುಡದವರೆಗೆ ಬಂದು ಮುಟ್ಟಿಸುತ್ತಾನೆ ಎಂಬ ಭರವಸೆಯೂ ನನಗಿಲ್ಲ.

ಮೊದಲು ಹೆಸರಿನ ಮಾತು. ನಿಮ್ಮನ್ನು ಕೋಡಪ್ಪ ಎಂದು ಕರೆದದ್ದಕ್ಕೆ ಬೇಸರ ಬೇಡ. ತೆಲುಗರು ನಿಮ್ಮನ್ನು ಕುಂದೇಟಿ ಕೊಮ್ಮುಲು ಅನ್ನುತ್ತಾರೆ. ಅಂದರೆ ಮೊಲದ ಕೋಡು. ಮರಾಠಿಯವರಿಗೆ ನೀವು ಮಾಕಡಶೇಂಗುಳಿ, ಮಂಗನ ಕಾಯಿ. ನಮ್ಮ ಹಳೆಯ ತರ್ಕಪಂಡಿತರು ಜಗತ್ತಿನಲ್ಲಿ ಇಲ್ಲದ ವಸ್ತುವಿಗೆ ಮೂರು ಉದಾಹರಣೆ ಕೊಡುತ್ತಿದ್ದರು: ಬಂಜೆಯ ಮಗ, ಆಕಾಶದ ಹೂವು, ಮೊಲದ ಕೋಡು. ನಿಮ್ಮ ಹೆಸರನ್ನು ಅರ್ಜಿ ನಮೂನೆಗಳಲ್ಲಿ ಮೂರು ವರ್ಷ ಹುಡುಕಿದ ಮೇಲೆ ತೆಲುಗರ ದೂರದೃಷ್ಟಿಗೆ ನಾನು ಕೈಮುಗಿದಿದ್ದೇನೆ. ಕಂಪನಿ ಸರ್ಕಾರದ ವೈದ್ಯ ವಿಲಿಯಂ ರಾಕ್ಸ್‌ಬರ್ಗ್ 1795ರಲ್ಲಿ ಕೋರಮಂಡಲ ಕರಾವಳಿಯ ಗಿಡಗಳ ಪುಸ್ತಕದಲ್ಲಿ ನಿಮ್ಮ ಚಿತ್ರ ಅಚ್ಚು ಹಾಕಿಸಿ ಆಫ್ರಿಕಾದ ಸ್ಟೆಪೀಲಿಯಾ ಕುಲಕ್ಕೆ ಸೇರಿಸಿದ. ಆಮೇಲೆ ರಾಬರ್ಟ್ ಬ್ರೌನ್ ಬಂದು ನಿಮಗೇ ಒಂದು ಕುಲ ಕಟ್ಟಿ, ತೆಲುಗು ಮಾತನ್ನೇ ತಿರುಚಿ ‘ಕಾರಲ್ಲುಮಾ’ ಎಂದ. ಹೀಗೆ ಲಂಡನ್ನಿನ ಕಾಗದದಲ್ಲಿ ನಿಮಗೆ ಇನ್ನೂರು ವರ್ಷದ ಹಳೆಯ ಖಾತೆ ಇದೆ. ನಮ್ಮೂರ ಪಹಣಿಯಲ್ಲಿ ಮಾತ್ರ ಇಲ್ಲ.

ಬಹಿರಂಗ ಪತ್ರ ಅಂದ ಮೇಲೆ ಮೂರನೆಯವರೂ ಓದುತ್ತಾರೆ. ಅವರಿಗಾಗಿ ನಿಮ್ಮ ಚಹರೆ ಹೇಳಿಬಿಡುತ್ತೇನೆ. ನಾಲ್ಕು ಮೂಲೆಯ ಕಾಂಡ, ಬುಡದಲ್ಲಿ ಕಿರುಬೆರಳ ದಪ್ಪ, ತುದಿಗೆ ಹೋದಂತೆ ಇಲಿಬಾಲ. ಎತ್ತರ ಗೇಣಿನಿಂದ ಮೊಳದೊಳಗೆ. ಎಲೆ ಅಂತ ಒಂದು ಇರುತ್ತದೆ, ಲೆಕ್ಕಕ್ಕೆ ಮಾತ್ರ. ಬಂದದ್ದು ಗೊತ್ತಾಗುವುದರೊಳಗೆ ಉದುರಿ ಹೋಗಿರುತ್ತದೆ. ಮಳೆ ಹಿಂದಾದ ಮೇಲೆ ತುದಿಯ ಉದ್ದಕ್ಕೂ ಕಪ್ಪು ನೇರಳೆ ಬಣ್ಣದ ಪುಟ್ಟ ಹೂಗಳು. ಅಂಚಿನ ಕೂದಲು ಗಾಳಿ ಇಲ್ಲದಾಗಲೂ ನಡುಗುತ್ತಿರುತ್ತವೆ. ಅದು ನೊಣಗಳನ್ನು ಕರೆಯುವ ಉಪಾಯ. ಜೇನುಹುಳುವಿನ ಸಹವಾಸ ನಿಮಗೆ ಬೇಕಿಲ್ಲ. ಆಮೇಲೆ ಜೋಡಿ ಕಾಯಿ, ಎರಡು ಕೋಡಿನ ಹಾಗೆ. ಎಕ್ಕೆಯ ಬಳಗದವರು ನೀವು, ಕಾಯಿ ಒಡೆದರೆ ರೇಷ್ಮೆಯಂಥ ಎಳೆ ಕಟ್ಟಿಕೊಂಡ ಬೀಜಗಳು ಹಾರಿಹೋಗುತ್ತವೆ. ಬಾದಾಮಿಯ ಕೆಂಪು ಮರಳುಗಲ್ಲಿನ ಸಂದಿಯಾಗಲಿ, ಗರಸು ದಿನ್ನೆಯಾಗಲಿ, ಯಾರೂ ಎರಡನೇ ಸಲ ನೋಡದ ಜಾಗವೇ ನಿಮ್ಮ ಆಸ್ತಿ. ಬಾದಾಮಿಗೆ ಬರುವವರು ಮೂರನೇ ಗುಹೆಯ ವಿಷ್ಣುವನ್ನೂ 578ನೇ ಇಸವಿಯ ಮಂಗಲೇಶನ ಶಾಸನವನ್ನೂ ನೋಡಿ ಹೋಗುತ್ತಾರೆ. ಪಕ್ಕದ ಕಂಟಿಯೊಳಗೆ ಯಾರು ಕೈ ಹಾಕುತ್ತಾರೆ?

ನಮ್ಮವ್ವನಿಗೆ ಮಾತ್ರ ನಿಮ್ಮ ಪರಿಚಯ ಮುಂಚಿನಿಂದ ಇತ್ತು. ಎಪ್ಪತ್ತೆರಡರ ಬರಗಾಲದಲ್ಲಿ ಆಕೆ ರಸ್ತೆ ಕಾಮಗಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದಳು. ಕೂಲಿಗೆ ಪರದೇಶದ ಕೆಂಪು ಜೋಳ. ಅದೂ ತಡವಾದ ದಿನ, ಗುಡ್ಡದಂಚಿನ ಕಂಟಿಯೊಳಗಿಂದ ನಿಮ್ಮ ಎರಡು ಎಳೆ ಕವಲು ಮುರಿದು, ಮೂಲೆ ಸವರಿ, ಉಪ್ಪು ಹಚ್ಚಿ ಅಗಿಯುತ್ತಿದ್ದಳು. ರುಚಿ ಏನು ಅಂತ ಕೇಳಿದರೆ ಮೋರೆ ಕಿವುಚುತ್ತಿದ್ದಳು. “ರುಚಿಗೆ ಯಾರ್ ತಿಂತಾರೋ ತಮ್ಮಾ? ಅದನ್ನ ಅಗದ್ರ ಹಸಿವು ಸಾಯತೈತಿ, ಮನಷ್ಯಾ ಸಾಯೂದಿಲ್ಲ.” ಬರಗಾಲದ ತಿನಿಸುಗಳನ್ನು ಪಟ್ಟಿ ಮಾಡಿದವರೂ ನಿಮ್ಮನ್ನು ಅಲ್ಲೇ ಸೇರಿಸಿದ್ದಾರೆ. ಅವ್ವನ ಅಜ್ಜಿಯ ಕಾಲದ ಧಾತು–ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ, ಅಂದರೆ 1876ರಿಂದ 78ರವರೆಗೆ, ಈ ಸೀಮೆಗೆ ಕಲಾದಗಿ ಜಿಲ್ಲೆ ಎಂದು ಹೆಸರು. 1872ರ ಜನಗಣತಿಯಲ್ಲಿ ಇದ್ದಷ್ಟು ಜನ 1881ರ ಗಣತಿಯಲ್ಲಿ ಇರಲಿಲ್ಲ. ಆಗ ಉಳಿದವರ ಹೊಟ್ಟೆಯಲ್ಲಿ ನಿಮ್ಮ ಪಾಲೂ ಇದ್ದೀತು. ಅದಕ್ಕೆ ಯಾರೂ ನಿಮಗೆ ಶಾಲು ಹೊದಿಸಿದ ದಾಖಲೆಯಿಲ್ಲ.

ಇನ್ನು ನಿಮ್ಮ ಬಡ್ತಿಯ ಕಥೆ. ಬೆಂಗಳೂರಿನಲ್ಲಿರುವ ಮಗ ಒಂದು ರಾತ್ರಿ ಫೋನಿಗೆ ಡಬ್ಬಿಯ ಚಿತ್ರ ಕಳಿಸಿದ. ಹಸಿರು ಮುಚ್ಚಳ, ಅರವತ್ತು ಗುಳಿಗೆ, ಚೀಟಿಯ ಮೇಲೆ ಕೊಡಲಿಯಿಂದ ಕೊಚ್ಚಿದಷ್ಟು ತೆಳ್ಳಗಿನ ಸೊಂಟದ ಹೆಣ್ಣುಮಗಳು, ಕೆಳಗೆ ನಿಮ್ಮ ಲ್ಯಾಟಿನ್ ಹೆಸರು. “ಅಪ್ಪಾ, ಇದು ನಮ್ಮ ಗುಡ್ಡದಾಗ ಇರೂದೇನು?” ಹೌದು, ಅದೇ. ಅವನು ದಿನಕ್ಕೆರಡು ಗುಳಿಗೆ ನುಂಗುತ್ತಿದ್ದ, ಊಟಕ್ಕೆ ಅರ್ಧ ಗಂಟೆ ಮುಂಚೆ, ಹಸಿವಾಗದಿರಲಿ ಅಂತ. ಚಿತ್ರವನ್ನು ಅವ್ವನಿಗೆ ತೋರಿಸಿದೆ. ಅವ್ವ ಬಹಳ ಹೊತ್ತು ನೋಡಿದಳು. “ಹಸಿವಾಗಬಾರದು ಅಂತ ರೊಕ್ಕಾ ಕೊಡತಾನ? ಊಟ ಸಿಗವಲ್ದೇನು ಪಾಪ ಅಂವಗ?” ಮೊಮ್ಮಗನಿಗೆ ಒಂದು ಡಬ್ಬಿ ಶೇಂಗಾಹಿಂಡಿ, ಮೂವತ್ತು ಖಡಕ್ ರೊಟ್ಟಿ ಕಟ್ಟಿಸಿ ಬಸ್ಸಿಗೆ ಹಾಕಿಸುವವರೆಗೆ ಆಕೆಗೆ ಸಮಾಧಾನವಾಗಲಿಲ್ಲ.

ನಿಮ್ಮ ಮೇಲೆ ಪರೀಕ್ಷೆಯೂ ಆಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಐವತ್ತು ಜನರನ್ನು ಆರಿಸಿ, ಅರ್ಧ ಮಂದಿಗೆ ದಿನಕ್ಕೆ ಒಂದು ಗ್ರಾಂ ನಿಮ್ಮ ಸಾರ, ಉಳಿದವರಿಗೆ ಹುಸಿಗುಳಿಗೆ ಕೊಟ್ಟು, 60 ದಿನ ಅಳತೆ ಇಟ್ಟು, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಮ್ಮ ಕಡೆಯವರಿಗೆ ಸೊಂಟದ ಸುತ್ತಳತೆ ಕೊಂಚ ಇಳಿದಿತ್ತು, ಹಸಿವೂ ತಗ್ಗಿತ್ತು. ತೂಕದಲ್ಲಿ ಮಾತ್ರ ಹುಸಿಗುಳಿಗೆಯವರಿಗೂ ನಿಮ್ಮವರಿಗೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಪ್ರಾಮಾಣಿಕವಾದ ವರದಿ. ಡಬ್ಬಿಯ ಚೀಟಿ ಅಚ್ಚು ಹಾಕುವವರು ಅದರ ಮೊದಲರ್ಧ ಓದಿ, ಎರಡನೆಯ ಅರ್ಧಕ್ಕೆ ಬರುವಷ್ಟರಲ್ಲಿ ಊಟಕ್ಕೆ ಎದ್ದಿರಬೇಕು.

ಇಷ್ಟಾದ ಮೇಲೆ ನನ್ನ ತಲೆಯೊಳಗೂ ಹುಳು ಹೊಕ್ಕಿತು. ಬಾಗಲಕೋಟೆ ಅಂದರೆ ಸುಮ್ಮನೆ ಅಲ್ಲ. ಕಲಾದಗಿಯ ಚಿಕ್ಕುಹಣ್ಣು ನಮ್ಮದು, ದಾಳಿಂಬೆ ನಮ್ಮದು, 2008ರಿಂದ ತೋಟಗಾರಿಕೆಗೆಂದೇ ಒಂದು ವಿಶ್ವವಿದ್ಯಾಲಯ ನಮ್ಮ ಜಿಲ್ಲಾ ಕೇಂದ್ರದಲ್ಲಿದೆ. ದಾಳಿಂಬೆಯ ಬೆನ್ನು ಹತ್ತಿದವರನ್ನು ದುಂಡಾಣು ಅಂಗಮಾರಿ ರೋಗ ಹೇಗೆ ನೆಲಕ್ಕೆ ಹಾಕಿತು ಎಂಬುದನ್ನೂ ನಾನು ಕಂಡವನೇ. ಆದರೂ ಅಂದುಕೊಂಡೆ: ಗೊಬ್ಬರ ಬೇಡ, ನೀರು ಬೇಡ, ಔಷಧಿ ಸಿಂಪಡಿಸುವ ಖರ್ಚಿಲ್ಲ, ತಾನಾಗಿ ಬೆಳೆಯುವ ಗಿಡ, ಇದನ್ನು ಬೆಳೆಯಲಾರದವನು ರೈತನೇ? ಈ ಮಾತನ್ನು ನಾನು ಅಂದದ್ದು ನೀವು ಕೇಳಿಸಿಕೊಂಡಿರಬೇಕು. ಆಮೇಲೆ ನಡೆದದ್ದಕ್ಕೆಲ್ಲ ಬೇರೆ ಕಾರಣ ನನಗೆ ತೋಚುವುದಿಲ್ಲ.

ಗುಡ್ಡಕ್ಕೆ ಕೈ ಹಚ್ಚಲಿಲ್ಲ. ನಮ್ಮ ಹೊಲದ ಒಡ್ಡು, ತಮ್ಮನ ಹೊಲದ ಒಡ್ಡು, ಬೀಗರ ಹೊಲದ ಒಡ್ಡು, ಮೂರೂ ಕಡೆ ಇದ್ದವರಿಂದ ಒಂದೊಂದೇ ಕವಲು ಬೇಡಿ ನೂರಿಪ್ಪತ್ತು ತುಂಡು ಮಾಡಿದೆ. ಮಸಾರಿ ಮಣ್ಣಿನ ಮಡಿ, ಒಂದು ಬುಟ್ಟಿ ತಿಪ್ಪೆಗೊಬ್ಬರ, ಮೇಲೆ ಹನಿ ನೀರಿನ ಪೈಪು. ಮಗಳ ಮದುವೆಯ ಚಪ್ಪರಕ್ಕೂ ನಾನು ಅಷ್ಟು ಓಡಾಡಿರಲಿಲ್ಲ. ಹದಿನೈದು ದಿನಕ್ಕೆ ಬುಡ ಹಳದಿಯಾಯಿತು, ಇಪ್ಪತ್ತು ದಿನಕ್ಕೆ ಕರಿದಾಯಿತು, ಹಿಡಿದೆತ್ತಿದರೆ ಹಳೆಯ ಉಪ್ಪಿನಕಾಯಿಯ ಹಾಗೆ ಬೆರಳಿಗೆ ಹತ್ತಿತು. ನೂರಿಪ್ಪತ್ತರಲ್ಲಿ ಹನ್ನೊಂದು ಉಳಿದವು. ಅವೂ ಹೇಗೆ ಉಳಿದವು? ಪೈಪಿನ ಕೊನೆಯ ತೂತು ಕಸ ಕಟ್ಟಿಕೊಂಡು ಮುಚ್ಚಿಹೋಗಿತ್ತು, ನನಗೆ ಗೊತ್ತಾಗಿರಲಿಲ್ಲ.

ತಪ್ಪು ಎಲ್ಲಿ ಆಯಿತೆಂದು ಓದಿದೆ, ಬಲ್ಲವರನ್ನು ಕೇಳಿದೆ. ನಿಮ್ಮ ಸಂಸಾರದ ಗುಟ್ಟು ಆಗ ತಿಳಿಯಿತು. ಉಳಿದ ಗಿಡಗಳು ಹಗಲು ಬಾಯಿ ತೆರೆದು ಉಸಿರಾಡುತ್ತವೆ. ನೀವು ಹಗಲೆಲ್ಲ ತುಟಿ ಬಿಗಿದು ಕೂತು, ರಾತ್ರಿ ತಂಪಾದ ಮೇಲೆ ಗಾಳಿ ಎಳೆದುಕೊಂಡು, ಅದನ್ನು ಹುಳಿಯಾಗಿ ಕಟ್ಟಿಟ್ಟು, ಮರುದಿನ ಬಿಸಿಲಿನಲ್ಲಿ ಬಾಗಿಲು ತೆಗೆಯದೆ ಅಡಿಗೆ ಮಾಡಿಕೊಳ್ಳುತ್ತೀರಿ. ನೀರು ಉಳಿಸುವ ಜಿಪುಣತನ. ಅಂಥವರಿಗೆ ನಾನು ಬೆಳಗ್ಗೆ ಸಂಜೆ ನೀರು ಕುಡಿಸಿದೆ. ಕತ್ತರಿಸಿದ ಗಾಯ ಆರುವ ಮೊದಲೇ ಹಸಿ ಮಣ್ಣಿಗೆ ಊರಿದೆ. ಗಾಯದೊಳಗೆ ಬೂಷ್ಟು ಹೊಕ್ಕಿತು. ಎರಡನೆಯ ಸಲ ತುಂಡುಗಳನ್ನು ನೆರಳಿನಲ್ಲಿ ಎಂಟು–ಹತ್ತು ದಿನ ಸುಮ್ಮನೆ ಬಿಸಾಕಿ, ಬಾಯಿ ಒಣಗಿ ಚರ್ಮ ಕಟ್ಟಿದ ಮೇಲೆ, ಗರಸು ಮತ್ತು ಇಟ್ಟಂಗಿಪುಡಿಯಲ್ಲಿ ನೆಟ್ಟೆ. ನೀರು ಕೊಡಲು ಕೈ ತುರಿಸುತ್ತಿತ್ತು, ಕಟ್ಟಿಹಾಕಿಕೊಂಡೆ. ಬಯಲು ಬಿಸಿಲಿಗೆ ಅವು ಇಟ್ಟಂಗಿಯ ಬಣ್ಣಕ್ಕೆ ತಿರುಗಿದವು. ಕಂಟಿಯ ನೆರಳು ಬೇಕು, ಆದರೆ ಪೂರ್ತಿ ನೆರಳು ಬೇಡ. ಕಂಟಿ ಬೇಕು, ಆದರೆ ಮೇಕೆ ಅದರ ಎಲೆ ಮೇಯಲು ಬರಬೇಕು, ಬಂದರೂ ಮುಳ್ಳಿಗೆ ಹೆದರಿ ನಿಮ್ಮವರೆಗೆ ಬರಬಾರದು! ಇಷ್ಟು ಕರಾರು ಹಾಕುವ ವರನಿಗೆ ನಮ್ಮ ಕಡೆ ಹೆಣ್ಣು ಸಿಗುವುದಿಲ್ಲ.

ಮೂರನೆಯ ಸಲ ಶೇಡ್‌ನೆಟ್ ಹಾಕಿದೆ. ನೆರಳು ಹದವಾಯಿತು, ನೀವು ಒಂದಿಷ್ಟು ಚಿಗುರಿದಿರಿ, ನಾನೂ ಊರಲ್ಲಿ ಎದೆ ಸೆಟೆಸಿ ನಡೆದೆ. ಆಗ ಬೇರಿಗೆ ಹಿಟ್ಟು ತಿಗಣೆ ಬಿತ್ತು. ಗಾಳಿಯಾಡುವ ಗುಡ್ಡದಲ್ಲಿ ಒಬ್ಬರಿಂದೊಬ್ಬರು ಹತ್ತು ಮಾರು ದೂರ ಇರುವವರನ್ನು ನಾನು ಗೇಣಿಗೊಬ್ಬರಂತೆ ಸಾಲು ನಿಲ್ಲಿಸಿದ್ದೆ, ಹುಳುಗಳಿಗೆ ಅದೊಂದು ಜಾತ್ರೆಯ ಬೀದಿ. ಬೇವಿನೆಣ್ಣೆ ಹೊಡೆದೆ. ಎಣ್ಣೆಯ ಜಿಡ್ಡಿಗೆ ಅರ್ಧ ಸುಟ್ಟವು. ಎಕ್ಕೆ ತಿನ್ನುವ ಪಟ್ಟೆಪಟ್ಟೆಯ ಕಂಬಳಿಹುಳುಗಳೂ ನೆಂಟರ ಮನೆ ಎಂದು ಬಂದು ಉಂಡು ಹೋದವು. ಬಿಳಿ ಹಿಟ್ಟು ಕಂಡು ಪಕ್ಕದ ಹೊಲದ ಅಜ್ಜ ಹಳೆಯದೊಂದನ್ನು ನೆನಪಿಸಿದ. ಅವನ ಅಪ್ಪನ ಕಾಲದಲ್ಲಿ ಡಬ್ಬಗಳ್ಳಿ ಹೊಲಗಳನ್ನೆಲ್ಲ ನುಂಗಿ ನಿಂತಿತ್ತಂತೆ. 1926ರಲ್ಲಿ ಸಿಂಹಳದಿಂದ ದಕ್ಷಿಣ ಭಾರತಕ್ಕೆ ಕೊಚಿನೀಲ್ ಹುಳು ತರಿಸಿ ಬಿಟ್ಟರು, ಕೆಲವೇ ವರ್ಷಗಳಲ್ಲಿ ಆ ಕಳ್ಳಿ ಕರಗಿಹೋಯಿತು. ಅಂದರೆ ರಸತುಂಬಿದ ಗಿಡವನ್ನು ಕೊಲ್ಲಬೇಕಾದಾಗ ಸರ್ಕಾರ ಸಮುದ್ರ ದಾಟಿಸಿ ಹುಳು ತರಿಸಿತ್ತು. ನಾನು ಅದೇ ಕೆಲಸವನ್ನು ಸಾಕುವ ಹೆಸರಿನಲ್ಲಿ, ಸ್ವಂತ ಖರ್ಚಿನಲ್ಲಿ ಮಾಡಿ ಮುಗಿಸಿದೆ.

ಬೀಜದಿಂದ ಬೆಳೆಸುವ ಹಟವೂ ಆಯಿತು. ಕಾಯಿ ಬಲಿತದ್ದು ನೋಡಿಕೊಂಡು ಮರುದಿನ ಬರೋಣ ಎಂದರೆ ಮರುದಿನ ಬರೀ ಸಿಪ್ಪೆ. ಬೀಜ ಹಾರಿ ಇಳಕಲ್ ಮುಟ್ಟಿರುತ್ತದೆ. ಕೊನೆಗೆ ಅವ್ವನ ಹರಿದ ಇಳಕಲ್ ಸೀರೆಯ ಚೂರು ಸುತ್ತಿ ಕಾಯಿಗಳಿಗೆ ಕಟ್ಟಿದೆ. ಸೆರಗಿನ ತೋಪುತೆನಿ ಅಂಚೇ ಒಂದು ಜೋಡಿ ಕೋಡಿಗೆ ಸಿಕ್ಕಿತ್ತು. ಅಷ್ಟು ಅಲಂಕಾರದಲ್ಲಿ ನಿಮ್ಮ ವಂಶದಲ್ಲಿ ಯಾರೂ ಕಾಯಿ ಬಿಟ್ಟಿರಲಾರರು. ಬೀಜ ಸಿಕ್ಕವು. ಬಿತ್ತಿದರೆ ವಾರದೊಳಗೆ ಮೊಳೆತೂ ಬಿಟ್ಟವು, ನನ್ನ ಕಣ್ಣಲ್ಲಿ ನೀರು. ಎರಡನೆಯ ವಾರ ಜಡಿಮಳೆ ಹಿಡಿಯಿತು. ಸಾಸಿವೆ ಕಾಳಿನಷ್ಟು ದಪ್ಪದ ಸಸಿಗಳು ಬುಡ ಕೊಳೆತು, ಒಂದೊಂದೇ ಅಡ್ಡಬಿದ್ದು, ಮಾಯವಾದವು. ಉಳಿದ ಏಳೆಂಟನ್ನು ಕುಂಡದಲ್ಲಿ ಮಾಳಿಗೆಯ ಮೇಲಿಟ್ಟೆ. ಬಾದಾಮಿಯ ಮಂಗಗಳ ವಿಚಾರ ಪ್ರವಾಸಿಗರಿಗೇ ಗೊತ್ತಿರುವಾಗ ನನಗೆ ಮರೆತದ್ದು ನನ್ನ ತಪ್ಪು. ನಮ್ಮೂರಿಗೂ ಅವುಗಳ ಬಳಗ ಇದೆ. ಮರಾಠಿಯವರು ನಿಮಗೆ ಮಂಗನ ಕಾಯಿ ಎಂದು ಯಾಕೆ ಹೆಸರಿಟ್ಟರು ಎಂಬುದು ಅವತ್ತು ಪ್ರಾತ್ಯಕ್ಷಿಕೆ ಸಮೇತ ತಿಳಿಯಿತು.

ಈ ನಡುವೆ ಸಹಾಯಧನ ಕೇಳಲು ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಅಲ್ಲಿ ಕೂತವರು ಒಳ್ಳೆಯವರು, ನನಗೆ ಚಹಾ ಕೊಟ್ಟರು. ಅರ್ಜಿಯಲ್ಲಿ ಮೊದಲ ಕಾಲಂ, ಬೆಳೆಯ ಹೆಸರು. ಬರೆದೆ. “ಈ ಹೆಸರು ಪಟ್ಟಿಯೊಳಗ ಇಲ್ಲರೀ. ಲೋಳೆಸರ ಅಂತ ಬರೀರಿ, ಎರಡೂ ರಸ ಇರೂ ಗಿಡಾನ ಹೌದಲ್ಲ?” ನಾನು ಒಪ್ಪಲಿಲ್ಲ. ಎರಡನೆಯ ಕಾಲಂ, ನೀರಿನ ಮೂಲ. ಬೇಕಿಲ್ಲ ಅಂದೆ. ಪೆನ್ನು ಕೆಳಗಿಟ್ಟರು. “ನೀರಾವರಿ ಇಲ್ಲಂದ್ರ ಯೋಜನೆಗೆ ಬರಂಗಿಲ್ಲರೀ. ಒಂದ್ ಬೋರ್ ತೋರಸ್ರಿ.” ಮೂರನೆಯದು, ಎಕರೆಗೆ ನಿರೀಕ್ಷಿತ ಇಳುವರಿ. ಇದ್ದ ಹನ್ನೊಂದು ಗಿಡದ ತೂಕವನ್ನು ಮನಸ್ಸಿನಲ್ಲೇ ಎಕರೆಗೆ ಗುಣಿಸಿ ನೋಡಿ, ಚಹಾ ಕುಡಿದು, ಎದ್ದು ಬಂದೆ.

ಅವರನ್ನು ದೂರಿ ಪ್ರಯೋಜನವಿಲ್ಲ. ವರ್ಷಕ್ಕೆ ಆರುನೂರು ಮಿಲಿಮೀಟರೂ ಮಳೆ ಕಾಣದ ಸೀಮೆ ಇದು. ಇಲ್ಲಿ ಅಭಿವೃದ್ಧಿ ಅಂದರೆ ನೀರು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆ ಅರ್ಧ ಮುಳುಗಿ ನವನಗರ ಎದ್ದಿತು. ಹುನಗುಂದದ ಕಡೆ ರಾಮಥಾಳ–ಮರೋಳ ಯೋಜನೆಯಲ್ಲಿ 24,000 ಹೆಕ್ಟೇರಿಗೆ ಹನಿ ನೀರಿನ ಕೊಳವೆ ಹಾಸಿದರು. ಅದೇ ಹುನಗುಂದದ ಎರಿಹೊಲಗಳಲ್ಲಿ ಒಡ್ಡು ಕಟ್ಟಿ, ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿದು, ಒಣಬೇಸಾಯದಲ್ಲೇ ಬಾಳಿ ತೋರಿಸಿದ ಹಿರಿಯರೂ ಇದ್ದಾರೆ. ಅವರಿಗೆ ಸನ್ಮಾನ, ಕೊಳವೆಗೆ ಅನುದಾನ. ಇಂಥ ಜಿಲ್ಲೆಯಲ್ಲಿ ನೀರು ಬೇಡ ಎನ್ನುವ ಬೆಳೆಯೊಂದು ಇರಬಹುದು ಎಂಬುದನ್ನು ಕಲ್ಪಿಸಿಕೊಳ್ಳಲು ಯಾವ ಕಾಲಂ ಸಾಲುತ್ತದೆ? ಬೆಳೆ ಸಮೀಕ್ಷೆಗೆ ಬಂದ ಹುಡುಗ ಮೊಬೈಲು ಹಿಡಿದು ನನ್ನ ಐದು ಗುಂಟೆಯ ನಡುವೆ ನಿಂತು ಸುತ್ತ ನೋಡಿದ. ನಾನು ನಿಮ್ಮನ್ನು ಬೊಟ್ಟು ಮಾಡಿ ತೋರಿಸಿದೆ. ಅವನು ನನ್ನ ಮುಖ ನೋಡಿದ, ಫೋಟೋ ಹೊಡೆದುಕೊಂಡ, ‘ಬೀಳು’ ಎಂದು ಒತ್ತಿದ.

ಈಗ ಕೊಳ್ಳುವವರ ಸಂಗತಿ. ಇವರನ್ನೂ ಹೆಸರಿಸುವುದಿಲ್ಲ. ಜೀಪಿನಲ್ಲಿ ಬಂದ ಒಬ್ಬ ವ್ಯಾಪಾರಿ ನನ್ನ ಮಡಿಗಳನ್ನು ಸುತ್ತು ಹಾಕಿ ನಗಾಡಿದ. ನಾನು ಮೂರು ವರ್ಷದಲ್ಲಿ ಬೆಳೆದದ್ದು ಅವನ ಒಂದು ಗೋಣಿಚೀಲದ ಮೂಲೆಗೂ ಸಾಲದು. “ಯಜಮಾನ್ರ, ನೀವ್ ಯಾಕ್ ಬೆಳೀತೀರಿ? ಗುಡ್ಡದಾಗಿನವು ಇದ್ರ ತೋರಸ್ರಿ. ಒಣಾ ನೆಲದಾಗಿನವಕ್ಕ ಸತ್ವ ಜಾಸ್ತಿ. ಕಿತ್ತು ಕೊಟ್ರ ಕಿಲೋ ಲೆಕ್ಕ ರೊಕ್ಕಾ.” ಎಷ್ಟು ಸರಳ ಗಣಿತ ನೋಡಿ. ಬೆಳೆದ ಗಿಡಕ್ಕೆ ಮೂರು ವರ್ಷದ ಖರ್ಚಿದೆ, ಗುಡ್ಡದ ಗಿಡಕ್ಕೆ ಒಂದು ಮಧ್ಯಾಹ್ನದ ಕೂಲಿ ಸಾಕು. ಡಬ್ಬಿಯೊಳಗೆ ಹೋದ ಮೇಲೆ ಎರಡೂ ಒಂದೇ ಬಣ್ಣದ ಪುಡಿ. ನಿಮ್ಮ ಒಂದು ಬುಡ ಕಿತ್ತ ಜಾಗದಲ್ಲಿ ಇನ್ನೊಂದು ಏಳಲು ಬೀಜ ಹಾರಬೇಕು, ಸರಿಯಾದ ಕಂಟಿಯ ನೆರಳಿಗೇ ಬೀಳಬೇಕು, ಆ ವರ್ಷದ ಮಳೆ ಹದವಾಗಿರಬೇಕು, ಮೇಕೆ ಮರೆಯಬೇಕು. ಅದರ ದರ ಯಾವ ಮಂಡಿಯಲ್ಲೂ ಕೂಗುವುದಿಲ್ಲ.

ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ. 2002ರ ಜೀವವೈವಿಧ್ಯ ಕಾಯ್ದೆ ಹೇಳುವಂತೆ ಊರಿನ ಗಿಡದಿಂದ ಲಾಭ ಮಾಡುವವರು ಊರಿಗೂ ಪಾಲು ಕೊಡಬೇಕು. ಪಂಚಾಯ್ತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರ ಬಳಿ ಜನತಾ ಜೀವವೈವಿಧ್ಯ ದಾಖಲೆ ಎಂಬ ಪುಸ್ತಕ, ಊರಿನ ಗಿಡಮರ, ಹಕ್ಕಿ, ತಳಿಗಳೆಲ್ಲ ಅದರಲ್ಲಿ ಇರಬೇಕು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಬೆಳೆಸಿದ ಔಷಧಿ ಗಿಡಕ್ಕೆ ಈ ಪಾಲು ಕೊಡುವ ಕಟ್ಟಿನಿಂದ ವಿನಾಯಿತಿ. ಬೆಳೆಸಿದ್ದು ಹೌದು ಎನ್ನಲು ಆ ಸಮಿತಿಯಿಂದ ಮೂಲ ಪ್ರಮಾಣಪತ್ರ ತಂದರಾಯಿತು. ಬೆಳೆಯುವವರಿಗೆ ಉತ್ತೇಜನ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ. ನನಗೆ ಹೊಳೆಯುವುದು ಬೇರೆ. ನಿಮ್ಮನ್ನು ನಿಜವಾಗಿ ಬೆಳೆಯಲು ಹೋದವನ ಹೊಲ ದಾಖಲೆಯಲ್ಲಿ ಬೀಳು. ನಾಳೆ ಗುಡ್ಡವನ್ನು ಬೋಳಿಸಿದವನ ಕೈಯಲ್ಲಿ ಬೆಳೆಸಿದ್ದು ಎಂಬ ಕಾಗದ ಇದ್ದರೆ ಅವನೇ ಪ್ರಗತಿಪರ ರೈತ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಾರೆ. ಮೊಹರು ಬಿದ್ದರೆ ಮೊಲಕ್ಕೆ ಕೋಡೂ ಬರುತ್ತದೆ.

ನಿಮ್ಮ ದಾಯಾದಿಯೊಬ್ಬರು ಆಫ್ರಿಕಾದ ಕಲಹಾರಿ ಮರುಭೂಮಿಯಲ್ಲಿದ್ದಾರೆ, ಹೂಡಿಯಾ ಎಂದು. ಅಲ್ಲಿನ ಸ್ಯಾನ್ ಜನ ಬೇಟೆಗೆ ಹೋಗುವಾಗ ಹಸಿವು ಬಾಯಾರಿಕೆಗೆ ಅದನ್ನೇ ಅಗಿಯುತ್ತಿದ್ದರು, ನಮ್ಮವ್ವನ ಹಾಗೆ. 1996ರಲ್ಲಿ ದಕ್ಷಿಣ ಆಫ್ರಿಕಾದ ಸರ್ಕಾರಿ ಸಂಶೋಧನಾ ಸಂಸ್ಥೆ ಅದರ ಸಾರಕ್ಕೆ ಪೇಟೆಂಟ್ ಪಡೆಯಿತು. ಸ್ಯಾನ್ ಜನರಿಗೆ ಪಾಲು ಕೊಡುವ ಒಪ್ಪಂದ ಆದದ್ದು 2003ರಲ್ಲಿ, ಗದ್ದಲವಾದ ಮೇಲೆ. ಫೈಜರ್ ಹಿಡಿದು ಬಿಟ್ಟಿತು, ಯೂನಿಲಿವರ್ ಹಿಡಿದು 2008ರಲ್ಲಿ ಬಿಟ್ಟಿತು. ಅಷ್ಟರಲ್ಲಿ ಕಾಡಿನ ಹೂಡಿಯಾ ಅಗೆದು ಸಾಗಿಸುವವರ ಹಾವಳಿ ಎಷ್ಟಾಯಿತೆಂದರೆ, ಅದರ ವ್ಯಾಪಾರವನ್ನು ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ಮಾರುಕಟ್ಟೆಯ ಎಷ್ಟೋ ಡಬ್ಬಿಗಳಲ್ಲಿ ಹೂಡಿಯಾ ಇರಲೇ ಇಲ್ಲವಂತೆ. ಬಹುಶಃ ಅದೊಂದೇ ಆ ಗಿಡಕ್ಕೆ ಆದ ಉಪಕಾರ. ನಿಮ್ಮ ಡಬ್ಬಿಗಳಲ್ಲೂ ಹಾಗೇ ಮೋಸವಾಗಲಿ ಎಂದು ನಾನು ಬನಶಂಕರಿಗೆ ಹರಕೆ ಹೊತ್ತಿದ್ದೇನೆ.

ಬನಶಂಕರಿ ಅಂದಾಗ ನೆನಪಾಯಿತು. ಆಕೆ ಶಾಕಂಭರಿ. ಬರ ಬಿದ್ದಾಗ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಮಕ್ಕಳ ಹೊಟ್ಟೆ ತುಂಬಿಸಿದವಳು. ಬನದ ಹುಣ್ಣಿಮೆಯ ಜಾತ್ರೆಗೆ ಮುಂಚೆ ಪಲ್ಯದ ಹಬ್ಬ, ಆಕೆಗೆ ನೂರೆಂಟು ಬಗೆಯ ಪಲ್ಯದ ನೈವೇದ್ಯ. ಅವ್ವ ಇರುವವರೆಗೆ ಮನೆಯಲ್ಲಿ ನೂರೆಂಟು ಆಗದಿದ್ದರೂ ಹನ್ನೊಂದು ಮಾಡುತ್ತಿದ್ದಳು, ಅದರಲ್ಲಿ ಒಂದು ಚಿಟಿಕೆ ನಿಮ್ಮ ಪಲ್ಯ. ಬೇಯಿಸಿ, ನೀರು ಬಸಿದು, ಹುಣಸೆ ಬೆಲ್ಲ ಹಾಕಿದರೂ ಕಹಿ ಬಿಡುತ್ತಿರಲಿಲ್ಲ. ಯಾರೂ ತಿನ್ನುತ್ತಿರಲಿಲ್ಲ. ಯಾಕೆ ಮಾಡುತ್ತೀ ಎಂದರೆ “ಆಕಿ ಮರೀಬಾರ್ದಲ್ಲ” ಅನ್ನುತ್ತಿದ್ದಳು. ದೇವಿ ಮರೆಯಬಾರದೆಂದೋ ತಾನು ಮರೆಯಬಾರದೆಂದೋ ನಾನು ಕೇಳಲಿಲ್ಲ, ಹೋದ ವರ್ಷ ಅವ್ವ ತೀರಿಕೊಂಡಳು. ದೇವಿಯ ಜೊತೆ ಇನ್ನೊಬ್ಬರೂ ನೆನಪಾಗುತ್ತಾರೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ದುಶ್ಚಟಗಳನ್ನು ಇದಕ್ಕೆ ಹಾಕಿರಿ ಎಂದು ಬೇಡಿದವರು. ಕುಡಿತ, ತಂಬಾಕು ಎಷ್ಟೋ ಆ ಜೋಳಿಗೆಗೆ ಬಿದ್ದವು. ಹಸಿವನ್ನೂ ಒಂದು ಚಟ ಎಂದು ಅದರೊಳಗೆ ಹಾಕುವ ಜನ ಹುಟ್ಟುತ್ತಾರೆಂದು ಅವರು ಎಣಿಸಿರಲಿಕ್ಕಿಲ್ಲ.

ಇಳಕಲ್ಲಿಗೆ ಮೊನ್ನೆ ಹೋಗಿದ್ದೆ. ನನ್ನ ತರುಣ ಕಾಲದಲ್ಲಿ ನಿಮ್ಮವರನ್ನು ಕಂಡಿದ್ದ ಒಂದು ಕಲ್ಲುದಿನ್ನೆ ಹುಡುಕಿಕೊಂಡು. ದಿನ್ನೆ ಇರಲಿಲ್ಲ. ಅದರ ಜಾಗದಲ್ಲಿ ನಾಲ್ಕಾಳು ಆಳದ ಚೌಕ ಹೊಂಡ, ತಳದಲ್ಲಿ ಹಸಿರು ನೀರು. ಇಳಕಲ್ಲಿನ ಕೆಂಪು ಗ್ರಾನೈಟು ದೇಶವಿದೇಶದ ನೆಲಗಳಿಗೆ ಹಾಸುಗಲ್ಲಾಗುತ್ತದೆ. ಯಾರದೋ ಮನೆಯ ನುಣುಪಾದ ನೆಲದ ಮೇಲೆ ಯಾರೋ ತೂಕ ಇಳಿಸಲು ಬೆಳಗ್ಗೆದ್ದು ದಂಡ ಹೊಡೆಯುತ್ತಿರಬಹುದು. ಅವರ ಕಾಲ ಕೆಳಗೆ ನಿಮ್ಮ ಹಳೆಯ ಮನೆ, ಅವರ ಕಪಾಟಿನಲ್ಲಿ ನಿಮ್ಮ ಮೈ. ಹೀಗೆ ನಿಮ್ಮ ಸ್ಥಳಾಂತರ ಪೂರ್ತಿಯಾಗಿದೆ, ಪರಿಹಾರದ ಅರ್ಜಿ ಹಾಕಲು ಯಾರೂ ಉಳಿದಿಲ್ಲ.

ಕೋಡಪ್ಪನವರೇ, ಒಪ್ಪಿಸಬೇಕಾದ ಲೆಕ್ಕ ಇಷ್ಟು. ನನ್ನ ಬಳಿ ಈಗ ಉಳಿದವರು ಒಂಬತ್ತು ಮಂದಿ. ಅವರನ್ನು ಎಲ್ಲಿಂದ ತಂದಿದ್ದೆನೋ ಅದೇ ಒಡ್ಡುಗಳ ಮೇಲೆ, ಬಾರಿಕಂಟಿಯ ಮುಳ್ಳಿನ ನಡುವೆ ಬಿಟ್ಟು ಬಂದೆ. ನೀರಿನ ಪೈಪು ಸುತ್ತಿಟ್ಟೆ. ಶೇಡ್‌ನೆಟ್ಟನ್ನು ತಮ್ಮ ಎಮ್ಮೆಗೆ ನೆರಳು ಮಾಡಲು ಒಯ್ದ. ಮಗ ಗುಳಿಗೆ ಬಿಟ್ಟಿದ್ದಾನೆ, ಆರೋಗ್ಯದ ಕಾರಣಕ್ಕಲ್ಲ, ಡಬ್ಬಿಯ ಬೆಲೆ ಏರಿತಂತೆ. ಐದು ಗುಂಟೆಯಲ್ಲಿ ಈ ಸಲ ಹುರಳಿ ಬಿತ್ತಿದ್ದೇನೆ. ಹುರಳಿಗೆ ಪಟ್ಟಿಯಲ್ಲಿ ಹೆಸರಿದೆ.

ಇಂತಿ ನಿಮ್ಮ ವಿಧೇಯ,
ಐದು ಗುಂಟೆಯ ಒಡೆಯ

ತಾ.ಕ.: ಇದು ಕೋಡಪ್ಪನವರಿಗಲ್ಲ, ಪತ್ರ ಓದಿದ ನಿಮಗೆ. ಬಾದಾಮಿ, ಐಹೊಳೆ ಕಡೆ ಬಂದಾಗ ಕಂಟಿಯ ನೆರಳಿನಲ್ಲಿ ನಾಲ್ಕು ಮೂಲೆಯ ಬೂದು ಹಸಿರು ಕಡ್ಡಿಗಳು, ನಡುಗುವ ಕಪ್ಪು ಹೂ ಕಂಡರೆ ಕೂತು ನೋಡಿ, ಬೇಕಾದರೆ ಫೋಟೋ ತೆಗೆದುಕೊಳ್ಳಿ. ಎಲ್ಲರಿಗೂ ಕಳಿಸಿ. ಆದರೆ ಎಲ್ಲಿ ಕಂಡಿರಿ ಎಂದು ಮಾತ್ರ ಹಾಕಬೇಡಿ. ಮೇಲೆ ನಾನು ಕೊಟ್ಟ ವಿಳಾಸ ಗುಡ್ಡದ ಓರೆಗೆ ಯಾಕೆ ನಿಂತಿತು ಎಂಬುದು ಈಗ ಗೊತ್ತಾಗಿರಬೇಕು.